ರಾತ್ರಿಯ ಜಾಬ್ ಮುಗಿಯಲಿಲ್ಲ ಎಂದು ಯಾರು ಹೇಳಬೇಕು? ದೂರದ ಸರ್ವರ್‌ಗೆ ಕಾವಲು ಆರಿಸುವ ಬಗೆ

ಸರ್ವರ್‌ನಲ್ಲಿ ಸೋತ ಜಾಬ್ (ಬ್ಯಾಕಪ್‌ನಂಥ, ತಾನಾಗಿ ಓಡುವ ಕೆಲಸ) ಗದ್ದಲ ಮಾಡುತ್ತದೆ. ಎರರ್ ಬರೆಯುತ್ತದೆ, ಸೊನ್ನೆಯಲ್ಲದ ಎಕ್ಸಿಟ್ ಕೋಡ್, ಅಂದರೆ ಸೋತೆ ಎಂದು ಹೇಳುವ ಸಂಖ್ಯೆ, ಬಿಟ್ಟುಹೋಗುತ್ತದೆ. ನಡುವೆ ಸಿಕ್ಕಿಕೊಂಡ ಜಾಬ್ ಹಾಗಲ್ಲ. ಪ್ರೊಸೆಸ್‌ಗಳ ಪಟ್ಟಿಯಲ್ಲಿ ಅದು ಜೀವಂತವಾಗಿಯೇ ಕಾಣುತ್ತದೆ. ಸಿಪಿಯು ತಿನ್ನುವುದಿಲ್ಲ, ದೂರು ಹೇಳುವುದಿಲ್ಲ, ಮುಗಿಯುವುದೂ ಇಲ್ಲ. ಬ್ಯಾಕಪ್ ಬೇಕಾದ ದಿನವೇ ಬ್ಯಾಕಪ್ ಕೆಲವು ವಾರಗಳಿಂದ ಅರ್ಧದಲ್ಲೇ ನಿಂತಿದೆ ಎಂಬುದು ಗೊತ್ತಾಗುತ್ತದೆ.

ಹೀಗಾಗಲು ದೊಡ್ಡ ಅವಘಡ ಬೇಕಿಲ್ಲ. ನಾವು ದಿನವೂ ಬಳಸುವ ಸಾಧನಗಳಲ್ಲಿ ಹೆಚ್ಚಿನವು ಮೊದಲಿನಿಂದಲೂ ಮಿತಿಯಿಲ್ಲದೆ ಕಾಯುವಂಥವು. ವೆಬ್ ವಿಳಾಸ ಮುಟ್ಟುವ ಕರ್ಲ್ ಕಮಾಂಡ್‌ಗೆ ಒಟ್ಟು ಸಮಯದ ಮಿತಿಯನ್ನು ನಾವೇ ಹೇಳದಿದ್ದರೆ ಅದಕ್ಕೆ ಮಿತಿಯೇ ಇರುವುದಿಲ್ಲ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯೂ ಹಾಗೆಯೇ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಕ್ವೆರಿ ಎಷ್ಟು ಹೊತ್ತು ಓಡಬಹುದು ಎಂಬ ಮಿತಿಯ ಮೂಲ ಬೆಲೆ 0, ಅಂದರೆ ಬೇಕಾದಷ್ಟು. ಒಂದು ಟೇಬಲ್ ಮೇಲೆ ಯಾರೋ ಲಾಕ್ ಹಿಡಿದು ಕುಳಿತರೆ ನಿಮ್ಮ ಜಾಬ್ ಬೆಳಗಿನವರೆಗೂ ಬಾಗಿಲಲ್ಲೇ ನಿಂತಿರುತ್ತದೆ.

ಇಂಥದ್ದನ್ನು ಹಿಡಿದು ಸುದ್ದಿ ಮುಟ್ಟಿಸಲು ಸಾಧನಗಳಿಗೆ ಕೊರತೆಯಿಲ್ಲ. ಹೋಲಿಸಿ ನೋಡುವಾಗ ನಾನು ಒಂದೇ ಸಂಗತಿಯನ್ನು ಮುಂದಿಟ್ಟುಕೊಳ್ಳುತ್ತೇನೆ: ಗಡಿಯಾರ ನೋಡುವವನು ಜಾಬ್‌ನಿಂದ ಎಷ್ಟು ದೂರದಲ್ಲಿ ಕುಳಿತಿದ್ದಾನೆ? ಹತ್ತಿರ ಕುಳಿತವನಿಗೆ ಜಾಬ್ ಏಕೆ ನಿಂತಿತು ಎಂಬುದು ಚೆನ್ನಾಗಿ ಗೊತ್ತು, ಆದರೆ ಸರ್ವರ್ ಬಿದ್ದರೆ ಅವನೂ ಜೊತೆಗೇ ಬೀಳುತ್ತಾನೆ. ದೂರ ಕುಳಿತವನಿಗೆ ಕಾರಣ ತಿಳಿಯದು, ಆದರೆ ಏನೇ ಆದರೂ ಅವನು ಬಾಯಿ ತೆರೆಯುತ್ತಾನೆ. ಒಬ್ಬನನ್ನೇ ನಂಬಿದರೆ ಸಾಲದು ಎಂಬುದು ನನ್ನ ವಾದ. ಯಾವ ಇಬ್ಬರನ್ನು ಜೊತೆ ಹಾಕಬೇಕು ಎಂಬುದೇ ನಿಜವಾದ ಆಯ್ಕೆ.

ಕ್ರಾನ್ ಮತ್ತು ಟೈಮ್‌ಔಟ್: ಹಳೆಯ ಜೋಡಿ

ಕ್ರಾನ್‌ಗೆ ಅವಧಿ ಎಂಬ ಕಲ್ಪನೆಯೇ ಇಲ್ಲ. ಹೊತ್ತಿಗೆ ಸರಿಯಾಗಿ ಜಾಬ್ ಶುರು ಮಾಡುವುದಷ್ಟೇ ಅದರ ಕೆಲಸ. ನಿನ್ನೆಯ ಜಾಬ್ ಇನ್ನೂ ಓಡುತ್ತಿದ್ದರೂ ಇಂದಿನದನ್ನು ಅದರ ಪಕ್ಕದಲ್ಲೇ ಎಬ್ಬಿಸುತ್ತದೆ. ಆದ್ದರಿಂದ ಅದರ ಜೊತೆಗೆ ಎರಡು ಸಣ್ಣ ಸಾಧನಗಳು ಬೇಕು: ಒಂದರ ಮೇಲೊಂದು ಓಡದಂತೆ ತಡೆಯಲು ಎಫ್‌ಲಾಕ್, ಅವಧಿ ಮೀರಿದರೆ ನಿಲ್ಲಿಸಲು ಗ್ನೂ ಕೋರ್‌ಯುಟಿಲ್ಸ್‌ನ ಟೈಮ್‌ಔಟ್.

ಟೈಮ್‌ಔಟ್ ಕಮಾಂಡ್‌ನ ಗುಣವೆಂದರೆ ಅದರ ಎಕ್ಸಿಟ್ ಕೋಡ್ ಮಾತನಾಡುತ್ತದೆ. ಅವಧಿ ಮೀರಿ ನಿಲ್ಲಿಸಿದರೆ 124. ಟೈಮ್‌ಔಟೇ ಎಡವಿದರೆ 125. ಕಮಾಂಡ್ ಸಿಗದಿದ್ದರೆ 127. ಮೊದಲು ಅದು ಕಳಿಸುವುದು ಟರ್ಮ್ ಸಿಗ್ನಲ್, ಅಂದರೆ ಮರ್ಯಾದೆಯ ಕೋರಿಕೆ. ಜಾಬ್ ಅದನ್ನು ಕಿವಿಗೆ ಹಾಕಿಕೊಳ್ಳದಿದ್ದರೆ ಇಷ್ಟು ಸೆಕೆಂಡಿನ ಬಳಿಕ ಕಿಲ್ ಸಿಗ್ನಲ್ ಕಳಿಸು ಎಂದು ಹೇಳುವ ಆಯ್ಕೆ ಬೇರೆಯೇ ಇದೆ, ಅದನ್ನು ಬಿಡಬೇಡಿ. ಕಿಲ್ ಆದಾಗ ಕೋಡ್ 137 ಆಗುತ್ತದೆ. ಮೆಮೊರಿ ಸಾಲದೆ ಕರ್ನಲ್ ಕೊಂದಾಗಲೂ ಸಾಮಾನ್ಯವಾಗಿ ಇದೇ 137 ಕಾಣುವುದರಿಂದ, ಆ ಸಂಖ್ಯೆ ಕಂಡ ಕೂಡಲೇ ಅವಧಿ ಮೀರಿತು ಎಂದು ತೀರ್ಮಾನಿಸುವಂತಿಲ್ಲ.

ಈ ಜೋಡಿಯ ದೊಡ್ಡ ಬಲೆ ಪೈಪ್‌ನಲ್ಲಿ, ಅಂದರೆ ಒಂದು ಕಮಾಂಡ್‌ನ ಔಟ್‌ಪುಟ್ ಅನ್ನು ಇನ್ನೊಂದಕ್ಕೆ ಹರಿಸುವಲ್ಲಿ, ಇದೆ. ಡೇಟಾಬೇಸ್ ಡಂಪ್ ತೆಗೆದು ಅದನ್ನು ನೇರವಾಗಿ ಫೈಲ್ ಕುಗ್ಗಿಸುವ ಜಿಜಿಪ್‌ಗೆ ಹರಿಸುವ ಸಾಲನ್ನು ಎಷ್ಟು ಸರ್ವರ್‌ಗಳಲ್ಲಿ ನೋಡಿಲ್ಲ! ಡಂಪ್‌ಗೆ ಟೈಮ್‌ಔಟ್ ಹಾಕಿದ್ದೀರಿ, ಅದು 124 ಎಂದು ಕೂಗಿತು. ಆದರೆ ಶೆಲ್ ಕೇಳಿಸಿಕೊಳ್ಳುವುದು ಪೈಪ್‌ನ ಕೊನೆಯವನ ಮಾತನ್ನು. ಜಿಜಿಪ್ ತನಗೆ ಬಂದಷ್ಟನ್ನು ಒಪ್ಪವಾಗಿ ಸುತ್ತಿಟ್ಟು 0 ಎನ್ನುತ್ತದೆ. ಫೈಲ್ ಇದೆ, ತೆರೆದರೆ ತೆರೆಯುತ್ತದೆ, ಒಳಗೆ ಅರ್ಧ ಡೇಟಾಬೇಸ್ ಇದೆ. ಪೈಪ್‌ನ ಯಾವ ಭಾಗ ಸೋತರೂ ಸೋಲೆನ್ನುವ ಪೈಪ್‌ಫೇಲ್ ಅನ್ನು ಬ್ಯಾಶ್ ಶೆಲ್‌ನಲ್ಲಿ ಆನ್ ಮಾಡುವುದು ಇದಕ್ಕೆ ಮದ್ದು. ಅದರ ಜೊತೆಗೆ, ಡಂಪ್ ಮುಗಿಯುವವರೆಗೆ ಫೈಲ್‌ಗೆ ತಾತ್ಕಾಲಿಕ ಹೆಸರಿಟ್ಟು, ಮುಗಿದ ಮೇಲಷ್ಟೇ ನಿಜವಾದ ಹೆಸರಿಗೆ ಬದಲಿಸುವುದು ಒಳ್ಳೆಯ ಅಭ್ಯಾಸ.

ಇನ್ನು ಸುದ್ದಿ ಮುಟ್ಟಿಸುವ ಮಾತು. ಕ್ರಾನ್ ತನ್ನ ಜಾಬ್‌ನ ಔಟ್‌ಪುಟ್ ಇದ್ದರೆ ಅದನ್ನು ಇಮೇಲ್ ಮಾಡುತ್ತದೆ. ಮೇಲ್ ಕಳಿಸುವ ವ್ಯವಸ್ಥೆಯೇ ಸರ್ವರ್‌ನಲ್ಲಿ ಇಲ್ಲದಿದ್ದರೆ ಡೆಬಿಯನ್‌ನಂಥ ಕಡೆ ಆ ಔಟ್‌ಪುಟ್ ಎಸೆದದ್ದಾಗಿ ಸಿಸ್‌ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಅದನ್ನು ಓದುವವರು ಯಾರು?

ಸಿಸ್ಟಮ್‌ಡಿ ಟೈಮರ್: ಹತ್ತಿರದ ಕಾವಲಿನಲ್ಲಿ ನನ್ನ ಆಯ್ಕೆ

ಸರ್ವರ್‌ನ ಒಳಗಿನ ಕಾವಲಿಗೆ ಈಗ ನಾನು ಕ್ರಾನ್ ಬಿಟ್ಟು, ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಟೈಮರ್ ಅನ್ನೇ ಸೂಚಿಸುತ್ತೇನೆ. ಎರಡು ಫೈಲ್ (ಇವಕ್ಕೆ ಯೂನಿಟ್ ಎಂದು ಹೆಸರು) ಬರೆಯಬೇಕಲ್ಲ ಎಂಬ ಗೊಣಗಾಟ ನ್ಯಾಯವೇ. ಆದರೆ ಸಿಗುವುದೂ ಹೆಚ್ಚು. ಹಿಂದಿನ ಓಟ ಮುಗಿಯದಿದ್ದರೆ ಹೊಸದನ್ನು ಶುರು ಮಾಡುವುದಿಲ್ಲ, ಹಾಗಾಗಿ ಎಫ್‌ಲಾಕ್ ಬೇಡ. ಜಾಬ್ ಹುಟ್ಟಿಸಿದ ಮಕ್ಕಳು, ಮೊಮ್ಮಕ್ಕಳು ಪ್ರೊಸೆಸ್‌ಗಳೆಲ್ಲ ಸಿಗ್ರೂಪ್ ಎಂಬ ಒಂದೇ ಗುಂಪಿನಲ್ಲಿ ಇರುವುದರಿಂದ ನಿಲ್ಲಿಸುವಾಗ ಯಾವುದೂ ಹಿಂದೆ ಉಳಿಯುವುದಿಲ್ಲ. ಜಾಬ್ ಏಕೆ ಸತ್ತಿತು ಎಂಬುದನ್ನು ಅದು ಬೇರೆ ಬೇರೆಯಾಗಿ ಗುರುತಿಸುತ್ತದೆ: ಅವಧಿ ಮೀರಿದ್ದು ಬೇರೆ, ತಪ್ಪು ಕೋಡ್ ಕೊಟ್ಟದ್ದು ಬೇರೆ, ಮೆಮೊರಿ ಸಾಲದೆ ಸತ್ತದ್ದು ಬೇರೆ. ನಿಂತ ಬಳಿಕ ಓಡುವ ಎಕ್ಸೆಕ್‌ಸ್ಟಾಪ್‌ಪೋಸ್ಟ್ ಸ್ಕ್ರಿಪ್ಟ್‌ಗೆ ಈ ಫಲಿತಾಂಶ ಸರ್ವಿಸ್ ರಿಸಲ್ಟ್ ಎಂಬ ವೇರಿಯಬಲ್‌ನಲ್ಲಿ ಸಿಗುತ್ತದೆ. 137ರ ಗೊಂದಲ ಇಲ್ಲಿಲ್ಲ.

ಇಲ್ಲಿಯೂ ಒಂದು ಗುಂಡಿ ಇದೆ, ಅನುಭವಿಗಳೂ ಅದರಲ್ಲಿ ಬೀಳುತ್ತಾರೆ. ಟೈಮರ್‌ನಿಂದ ಓಡುವ ಜಾಬ್‌ಗಳನ್ನು ಸಾಮಾನ್ಯವಾಗಿ ಒನ್‌ಶಾಟ್ (ಒಮ್ಮೆ ಓಡಿ ಮುಗಿಯುವ) ಬಗೆಯೆಂದು ಬರೆಯುತ್ತೇವೆ. ಒನ್‌ಶಾಟ್‌ಗೆ ಮೂಲದಲ್ಲಿ ಯಾವ ಅವಧಿಯ ಮಿತಿಯೂ ಇಲ್ಲ. ಹೆಸರು ನೋಡಿ ರನ್‌ಟೈಮ್‌ಮ್ಯಾಕ್ಸ್‌ಸೆಕ್ ಹಾಕಿದರೆ ಸಿಸ್ಟಮ್‌ಡಿ ಅದನ್ನು ಒನ್‌ಶಾಟ್‌ಗೆ ಅನ್ವಯಿಸುವುದೇ ಇಲ್ಲ. ಇಲ್ಲಿ ಬೇಕಾದದ್ದು ಟೈಮ್‌ಔಟ್‌ಸ್ಟಾರ್ಟ್‌ಸೆಕ್. ಒನ್‌ಶಾಟ್‌ನ ಇಡೀ ಓಟವನ್ನು ಅದು ‘ಶುರುವಾಗುವ ಹಂತ’ ಎಂದೇ ಎಣಿಸುತ್ತದೆ. ಮಿತಿ ಮೀರಿದರೆ ಟರ್ಮ್, ಆಮೇಲೆ ನೀವು ಬದಲಿಸದಿದ್ದರೆ 90 ಸೆಕೆಂಡ್ ಕಾದು ಕಿಲ್.

ಸುದ್ದಿಗಾಗಿ ಆನ್‌ಫೇಲ್ಯೂರ್ ಎಂಬ ಸಾಲಿದೆ: ಈ ಯೂನಿಟ್ ಸೋತರೆ ಆ ಯೂನಿಟ್ ಓಡಿಸು ಎಂದು ಹೇಳಬಹುದು. ಸುದ್ದಿ ಕಳಿಸುವ ಒಂದೇ ಮಾದರಿ ಯೂನಿಟ್ ಬರೆದಿಟ್ಟರೆ ಎಲ್ಲ ಜಾಬ್‌ಗಳಿಗೂ ಅದೇ ಸಾಕು.

ಎಸ್‌ಎಸ್‌ಎಚ್ (ದೂರದ ಲಾಗಿನ್) ಮೂಲಕ ಹೋಗಿ ಒಂದೇ ಸಲ ಓಡಿಸುವ ಉದ್ದದ ಕೆಲಸಗಳಿಗೂ ಸಿಸ್ಟಮ್‌ಡಿ-ರನ್ ಎಂಬ ಕಮಾಂಡ್ ಇದೆ. ನೋಹಪ್, ಟೀಮಕ್ಸ್ ಎರಡೂ ಸಂಪರ್ಕ ಕಡಿದರೂ ಜಾಬ್ ಉಳಿಸುತ್ತವೆಯೇ ಹೊರತು ಅದು ಎಷ್ಟು ಹೊತ್ತು ಓಡಿತು ಎಂದು ನೋಡುವುದಿಲ್ಲ. ಸಿಸ್ಟಮ್‌ಡಿ-ರನ್ ಹುಟ್ಟಿಸುವ ಯೂನಿಟ್ ಒನ್‌ಶಾಟ್ ಅಲ್ಲದ್ದರಿಂದ ಅಲ್ಲಿ ರನ್‌ಟೈಮ್‌ಮ್ಯಾಕ್ಸ್‌ಸೆಕ್ ಕೆಲಸ ಮಾಡುತ್ತದೆ. ಬೇಸರವಾದರೂ ಈ ವ್ಯತ್ಯಾಸವನ್ನು ನೆನಪಿಡಲೇಬೇಕು.

ಸಮಯವಲಯದ ಒಂದು ಮಾತು. ಯುಟಿಸಿಯಲ್ಲಿ ಓಡುವ ಸರ್ವರ್‌ನಲ್ಲಿ ರಾತ್ರಿ 2 ಗಂಟೆಯ ಬ್ಯಾಕಪ್ ಎಂದರೆ ನಮ್ಮ ಬೆಳಗಿನ 7.30. ಜಾಬ್ ಎರಡು ಗಂಟೆ ತೆಗೆದುಕೊಂಡರೆ ಗಿರಾಕಿಗಳು ಬರುವ ಹೊತ್ತಿಗೆ ಡೇಟಾಬೇಸ್ ಮೇಲೆ ಹೊರೆ ಇದ್ದೇ ಇರುತ್ತದೆ, ಆ ಹೊರೆಯಿಂದ ಜಾಬ್ ಇನ್ನಷ್ಟು ನಿಧಾನವಾಗುತ್ತದೆ. ಸಿಸ್ಟಮ್‌ಡಿ ಟೈಮರ್‌ನಲ್ಲಿ ವೇಳೆಯ ಕೊನೆಗೆ ಏಷ್ಯಾ/ಕೋಲ್ಕತ್ತಾ ಎಂದು ಬರೆದರೆ ಈ ತೊಂದರೆ ತಪ್ಪುತ್ತದೆ.

ಇಷ್ಟೆಲ್ಲ ಇದ್ದರೂ ಸಿಸ್ಟಮ್‌ಡಿ ಅದೇ ಯಂತ್ರದಲ್ಲಿ ಕುಳಿತ ಕಾವಲುಗಾರ. ಯಂತ್ರವೇ ಆರಿದರೆ, ನೆಟ್‌ವರ್ಕ್ ಕಡಿದರೆ, ಯಾರೋ ಟೈಮರ್ ಅನ್ನು ನಿಲ್ಲಿಸಿ ಮತ್ತೆ ಆನ್ ಮಾಡಲು ಮರೆತರೆ, ಅದರಿಂದ ಒಂದು ಸೊಲ್ಲೂ ಬರುವುದಿಲ್ಲ.

ಹೊರಗಿನ ಹಾರ್ಟ್‌ಬೀಟ್ ಸೇವೆ

ಬಸ್ ಹತ್ತಿಸುವಾಗ ಮನೆಯವರು ‘ಊರು ಮುಟ್ಟಿದ ತಕ್ಷಣ ಫೋನ್ ಮಾಡು’ ಎನ್ನುತ್ತಾರಲ್ಲ, ಹೆಲ್ತ್‌ಚೆಕ್ಸ್ ಡಾಟ್ ಐಓ, ಕ್ರೋನಿಟರ್‌ನಂಥ ಸೇವೆಗಳು ಮಾಡುವುದು ಅದನ್ನೇ. ಪ್ರತಿ ಜಾಬ್‌ಗೆ ಒಂದು ವಿಳಾಸ ಕೊಡುತ್ತವೆ. ಜಾಬ್ ಮುಗಿದಾಗ ಆ ವಿಳಾಸವನ್ನು ಒಮ್ಮೆ ಮುಟ್ಟಬೇಕು. ಹೇಳಿದ ಹೊತ್ತಿಗೆ, ಅದರ ಮೇಲೆ ಕೊಟ್ಟ ರಿಯಾಯಿತಿಯ ಹೊತ್ತಿಗೂ, ಕರೆ ಬರದಿದ್ದರೆ ಅಲರ್ಟ್ ಹೊರಡುತ್ತದೆ. ಸರ್ವರ್ ಸುಟ್ಟುಹೋದರೂ ಸರಿ, ಕ್ರಾನ್‌ನ ಸಾಲನ್ನು ಯಾರೋ ಅಳಿಸಿದರೂ ಸರಿ, ಮೌನವೇ ಇಲ್ಲಿ ಸುದ್ದಿ. ದೂರದ ಕಾವಲಿನಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವುದು ಬೇರೊಂದಿಲ್ಲ.

ಬಹಳ ಜನ ಮುಗಿದಾಗ ಮಾತ್ರ ಕರೆ ಮಾಡಿಸುತ್ತಾರೆ. ಅವಧಿ ಮೀರುವುದನ್ನು ಹಿಡಿಯಬೇಕಾದರೆ ಶುರುವಾದಾಗಲೂ ಒಂದು ಕರೆ ಬೇಕು. ಹೆಲ್ತ್‌ಚೆಕ್ಸ್‌ನಲ್ಲಿ ವಿಳಾಸದ ಕೊನೆಗೆ ಸ್ಟಾರ್ಟ್ ಸೇರಿಸಿದರೆ ಶುರು, ಬರೀ ವಿಳಾಸ ಮುಟ್ಟಿದರೆ ಮುಗಿದದ್ದು, ಎಕ್ಸಿಟ್ ಕೋಡ್ ಸೇರಿಸಿದರೆ ಗೆದ್ದಿತೋ ಸೋತಿತೋ ಎಂಬುದು. ಶುರುವಾದ ಮೇಲೆ ರಿಯಾಯಿತಿಯ ಅವಧಿಯೊಳಗೆ ಮುಗಿದ ಸುದ್ದಿ ಬರದಿದ್ದರೆ ಮರುದಿನದವರೆಗೆ ಕಾಯದೆ ಎಚ್ಚರಿಸುತ್ತದೆ. ಪ್ರತಿ ಓಟಕ್ಕೆ ಹಿಡಿದ ಸಮಯವೂ ದಾಖಲಾಗುತ್ತದೆ. ಮಿತಿ ಎಷ್ಟಿರಬೇಕು ಎಂದು ನಿರ್ಧರಿಸಲು ಮುಂದೆ ಇದೇ ದಾಖಲೆ ಆಧಾರವಾಗುತ್ತದೆ.

ಎರಡು ಎಚ್ಚರಿಕೆ. ಜಾಬ್ ಮತ್ತು ಕರೆಯ ನಡುವೆ ಸೆಮಿಕೋಲನ್ ಹಾಕಿದರೆ ಜಾಬ್ ಸೋತರೂ ‘ಮುಗಿಯಿತು’ ಎಂಬ ಕರೆ ಹೋಗುತ್ತದೆ. ಎರಡು ಆಂಪರ್‌ಸ್ಯಾಂಡ್ ಬೇಕು, ಇಲ್ಲವೇ ಎಕ್ಸಿಟ್ ಕೋಡ್ ಕಳಿಸಬೇಕು. ಮತ್ತೆ, ಕರೆ ಮಾಡುವ ಕರ್ಲ್‌ಗೇ ಹತ್ತು ಸೆಕೆಂಡಿನಷ್ಟು ಮಿತಿ ಹಾಕಿ; ಕಾವಲಿನವನಿಗೆ ಸುದ್ದಿ ಹೇಳಲು ಹೋಗಿ ಜಾಬ್ ಅಲ್ಲೇ ಸಿಕ್ಕಿಕೊಂಡರೆ ನಗಬೇಕೋ ಅಳಬೇಕೋ ತಿಳಿಯದು.

ಹೆಲ್ತ್‌ಚೆಕ್ಸ್ ಮುಕ್ತ ತಂತ್ರಾಂಶ, ನಿಮ್ಮದೇ ಯಂತ್ರದಲ್ಲಿ ನಡೆಸಬಹುದು. ಅಪ್‌ಟೈಮ್ ಕುಮಾದಲ್ಲೂ ಪುಶ್ ಬಗೆಯ ಮಾನಿಟರ್ ಇದೆ. ಆದರೆ ಅದನ್ನು ಕಾಯಬೇಕಾದ ಸರ್ವರ್‌ನಲ್ಲೇ ಹಾಕಬೇಡಿ. ಸಾಧ್ಯವಾದರೆ ಬೇರೆ ಕಂಪನಿಯ ಬೇರೆ ಡೇಟಾ ಸೆಂಟರ್‌ನಲ್ಲಿಡಿ.

ಪ್ರೊಮಿಥಿಯಸ್: ಇದ್ದರೆ ಬಳಸಿ, ಇದಕ್ಕಾಗಿಯೇ ತರಬೇಡಿ

2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯೊಳಗೆ ಶುರುವಾದ ಪ್ರೊಮಿಥಿಯಸ್ ಎಂಬ ಮಾನಿಟರಿಂಗ್ ಸಾಧನ ಈಗ ಎಲ್ಲೆಡೆ ಇದೆ. ನಿಮ್ಮಲ್ಲಿ ಈಗಾಗಲೇ ಇದ್ದರೆ ಜಾಬ್‌ಗಳನ್ನೂ ಅದಕ್ಕೆ ಸೇರಿಸುವುದು ಸರಿ. ಎರಡು ಸರ್ವರ್ ಇಟ್ಟುಕೊಂಡವರು ಬ್ಯಾಕಪ್ ಕಾಯುವುದಕ್ಕೆಂದೇ ಇದನ್ನು, ಅಲರ್ಟ್ ಕಳಿಸುವ ಅಲರ್ಟ್‌ಮ್ಯಾನೇಜರ್ ಅನ್ನು, ಅಂಕಿಗಳನ್ನು ಫಲಕದಲ್ಲಿ ತೋರಿಸುವ ಗ್ರಫಾನಾವನ್ನು ಕಟ್ಟಲು ಹೊರಟರೆ ಕಾಯಬೇಕಾದ ವಸ್ತುಗಳ ಸಂಖ್ಯೆಯೇ ಹೆಚ್ಚುತ್ತದೆ.

ಪ್ರೊಮಿಥಿಯಸ್ ತಾನೇ ಬಂದು ಅಂಕಿ ಎತ್ತಿಕೊಂಡು ಹೋಗುವ ವ್ಯವಸ್ಥೆ; ಬಂದು ಹೋಗುವ ಜಾಬ್ ಅದರ ಕೈಗೆ ಸಿಗುವುದಿಲ್ಲ. ದಾರಿ ಎರಡು. ಯಂತ್ರದ ಅಂಕಿಗಳನ್ನು ಒದಗಿಸುವ ನೋಡ್ ಎಕ್ಸ್‌ಪೋರ್ಟರ್‌ನ ಟೆಕ್ಸ್ಟ್‌ಫೈಲ್ ಸಂಗ್ರಾಹಕಕ್ಕೆ ಒಂದು ಫೈಲ್ ಬರೆದಿಡುವುದು, ಅಥವಾ ಪುಶ್‌ಗೇಟ್‌ವೇಗೆ ಕಳಿಸುವುದು. ಒಂದೇ ಯಂತ್ರಕ್ಕೆ ಕಟ್ಟಿಹಾಕಿದ ಜಾಬ್‌ಗೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಪುಶ್‌ಗೇಟ್‌ವೇ ತನಗೆ ಬಂದ ಕೊನೆಯ ಅಂಕಿಯನ್ನು ನೀವೇ ಅಳಿಸುವವರೆಗೆ ಹಿಡಿದಿರುತ್ತದೆ. ‘ಗೆದ್ದಿತು’ ಎಂಬ 1 ಅಲ್ಲಿದ್ದರೆ, ಜಾಬ್ ನಿಂತು ತಿಂಗಳಾದರೂ ಫಲಕ ಹಸಿರಾಗಿಯೇ ಇರುತ್ತದೆ. ಆದ್ದರಿಂದ ಗೆಲುವನ್ನಲ್ಲ, ಕೊನೆಯ ಗೆಲುವಿನ ಹೊತ್ತನ್ನು ಬರೆಯಬೇಕು. ದಿನಕ್ಕೊಮ್ಮೆಯ ಜಾಬ್‌ಗೆ, ಆ ಹೊತ್ತಿನಿಂದ ಈಗಿನವರೆಗೆ 26 ಗಂಟೆ ದಾಟಿದರೆ ಎಚ್ಚರಿಸು ಎಂಬ ನಿಯಮ ಹಾಕಬಹುದು.

ಇನ್ನೊಂದು ಸೂಕ್ಷ್ಮ: ಆ ಅಂಕಿಯೇ ಕಾಣೆಯಾದರೆ ಈ ನಿಯಮ ಖಾಲಿ ಉತ್ತರ ಕೊಡುತ್ತದೆ, ಖಾಲಿ ಉತ್ತರಕ್ಕೆ ಅಲರ್ಟ್ ಇಲ್ಲ. ಆಬ್ಸೆಂಟ್ ಎಂಬ ಫಂಕ್ಷನ್ ಬಳಸಿ ಬೇರೆ ನಿಯಮ ಬರೆಯಬೇಕು. ಇನ್ನು ಪ್ರೊಮಿಥಿಯಸ್ ಅನ್ನೇ ಕಾಯುವವರು ಯಾರು? ಸದಾ ಉರಿಯುತ್ತಿರುವ ಒಂದು ಅಲರ್ಟ್ ಇಟ್ಟು ಅದನ್ನು ಹೊರಗಿನ ಹಾರ್ಟ್‌ಬೀಟ್ ಸೇವೆಗೆ ಕಳಿಸುವುದು ರೂಢಿ. ಕೊನೆಗೆ ಅಲ್ಲಿಗೇ ಬಂದೆವು.

ಕ್ಯೂ ಇದ್ದಲ್ಲಿ ಲೆಕ್ಕವೇ ಬೇರೆ

ಇನ್‌ವಾಯ್ಸ್ ಪಿಡಿಎಫ್ ತಯಾರಿಸುವ, ಇಮೇಲ್ ಕಳಿಸುವ ಕೆಲಸಗಳು ಸಾಮಾನ್ಯವಾಗಿ ಕ್ಯೂನಲ್ಲಿ, ಅಂದರೆ ವರ್ಕರ್ ಪ್ರೊಸೆಸ್‌ಗಳು ಒಂದೊಂದಾಗಿ ಎತ್ತಿಕೊಳ್ಳುವ ಸರದಿಯಲ್ಲಿ, ಇರುತ್ತವೆ. ಇಲ್ಲಿ ಅವಧಿ ಮೀರಿದ ಜಾಬ್ ಸುಮ್ಮನಿರುವುದಕ್ಕಿಂತ ಕೆಟ್ಟದ್ದೊಂದನ್ನು ಮಾಡಬಲ್ಲದು: ಎರಡು ಸಲ ಓಡಬಲ್ಲದು.

ಪೈಥಾನ್‌ನ ಕ್ಯೂ ಸಾಧನವಾದ ಸೆಲರಿಯಲ್ಲಿ ಮೃದು ಮತ್ತು ಕಠಿಣ ಎಂದು ಎರಡು ಮಿತಿಗಳಿವೆ. ಮೃದು ಮಿತಿ ಮೀರಿದಾಗ ಜಾಬ್‌ನೊಳಗೇ ಒಂದು ಎಕ್ಸೆಪ್ಶನ್ ಏಳುತ್ತದೆ. ಅದನ್ನು ಹಿಡಿದು ಶುಚಿ ಮಾಡಿಕೊಂಡು, ಯಾವ ಹಂತದಲ್ಲಿ ನಿಂತಿತು ಎಂದು ಬರೆದಿಡಬಹುದು. ಕಠಿಣ ಮಿತಿ ಮೀರಿದರೆ ಆ ಪ್ರೊಸೆಸ್ ಅನ್ನೇ ಕೊಂದು ಹೊಸದನ್ನು ಹುಟ್ಟಿಸುತ್ತದೆ. ಎರಡನ್ನೂ ಹಾಕಿ, ನಡುವೆ ಅರ್ಧ ನಿಮಿಷವಾದರೂ ಅಂತರ ಬಿಡಿ. ರೂಬಿ ಭಾಷೆಯ ಕ್ಯೂ ಸಾಧನವಾದ ಸೈಡ್‌ಕಿಕ್‌ನಲ್ಲಿ ಇಂಥ ಮಿತಿಯೇ ಇಲ್ಲ. ರೂಬಿಯಲ್ಲಿ ಹೊರಗಿನಿಂದ ಥ್ರೆಡ್ ಕಡಿಯುವುದು ಅಪಾಯಕಾರಿ ಎಂಬ ಕಾರಣಕ್ಕೆ, ಒಳಗಿನ ಪ್ರತಿ ನೆಟ್‌ವರ್ಕ್ ಕರೆಗೂ ನೀವೇ ಮಿತಿ ಹಾಕಬೇಕು.

ಅಪಾಯ ಇರುವುದು ಬ್ರೋಕರ್‌ನ, ಅಂದರೆ ಜಾಬ್‌ಗಳನ್ನು ಹಿಡಿದಿಟ್ಟು ವರ್ಕರ್‌ಗಳಿಗೆ ಹಂಚುವ ವ್ಯವಸ್ಥೆಯ, ಗಡಿಯಾರದಲ್ಲಿ. ಜಾಬ್ ಎತ್ತಿಕೊಂಡ ವರ್ಕರ್ ಇಷ್ಟು ಹೊತ್ತಾದರೂ ‘ಮುಗಿಸಿದೆ’ ಎನ್ನದಿದ್ದರೆ ಅದು ಸತ್ತಿದೆ ಎಂದು ತಿಳಿದು ಬ್ರೋಕರ್ ಅದೇ ಜಾಬ್ ಅನ್ನು ಇನ್ನೊಬ್ಬರಿಗೆ ಕೊಡುತ್ತದೆ. ರೆಡಿಸ್ ಮೇಲೆ ಓಡುವ ಸೆಲರಿಯಲ್ಲಿ ಈ ಅವಧಿ ಮೂಲತಃ 1 ಗಂಟೆ. ಅಮೆಜಾನ್‌ನ ಕ್ಯೂ ಸೇವೆ ಎಸ್‌ಕ್ಯೂಎಸ್‌ನಲ್ಲಿ 30 ಸೆಕೆಂಡ್, ಹೆಚ್ಚೆಂದರೆ 12 ಗಂಟೆ. ಪಿಎಚ್‌ಪಿಯ ಲಾರಾವೆಲ್‌ನಲ್ಲಿ ಈ ಅವಧಿಗೆ ರಿಟ್ರೈ ಆಫ್ಟರ್ ಎಂದು ಹೆಸರು, ಅದು 90 ಸೆಕೆಂಡ್. ನಿಮ್ಮ ಜಾಬ್‌ನ ಕಠಿಣ ಮಿತಿ ಯಾವಾಗಲೂ ಇದಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಮೊದಲನೆಯ ವರ್ಕರ್ ಇನ್ನೂ ದುಡಿಯುತ್ತಿರುವಾಗಲೇ ಎರಡನೆಯದು ಅದೇ ಇನ್‌ವಾಯ್ಸ್ ಕಳಿಸಿಬಿಡುತ್ತದೆ. ಗಿರಾಕಿಯ ಫೋನೇ ನಿಮಗೆ ಬರುವ ಅಲರ್ಟ್.

ಕ್ಯೂಗೆ ಒಂದೇ ಒಂದು ಅಲರ್ಟ್ ಹಾಕಲು ಸಾಧ್ಯವೆಂದರೆ ಉದ್ದದ ಮೇಲೆ ಹಾಕಬೇಡಿ, ಅತಿ ಹಳೆಯ ಜಾಬ್‌ನ ವಯಸ್ಸಿನ ಮೇಲೆ ಹಾಕಿ. ಸಾವಿರ ಜಾಬ್ ಇದ್ದು ಬೇಗ ಕರಗುತ್ತಿದ್ದರೆ ತೊಂದರೆಯಿಲ್ಲ. ಒಂದೇ ಜಾಬ್ ಇದ್ದು ಅದು ಮೂರು ಗಂಟೆಯಿಂದ ಕಾದಿದ್ದರೆ ತೊಂದರೆ ಇದೆ.

ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ ಬಳಸುವವರಿಗೆ ಎರಡೇ ಮಾತು: ಜಾಬ್‌ಗೆ ಆಕ್ಟಿವ್‌ಡೆಡ್‌ಲೈನ್‌ಸೆಕೆಂಡ್ಸ್ ಹಾಕಿ, ಕ್ರಾನ್‌ಜಾಬ್‌ನ ಕನ್‌ಕರೆನ್ಸಿ ಪಾಲಿಸಿ ಮೂಲದಲ್ಲಿ ಅಲೌ (ಒಂದರ ಮೇಲೊಂದು ಓಡಲಿ) ಎಂದಿರುವುದನ್ನು ಫರ್‌ಬಿಡ್ (ಓಡಬಾರದು) ಮಾಡಿ. ಫರ್‌ಬಿಡ್ ಮಾಡಿ ಡೆಡ್‌ಲೈನ್ ಹಾಕದಿದ್ದರೆ ಮಾತ್ರ ಸಿಕ್ಕಿಕೊಂಡ ಒಂದು ಜಾಬ್ ಮುಂದಿನ ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ.

ಕೊಲ್ಲಬೇಕೋ, ಬರೀ ಹೇಳಬೇಕೋ

ಎಲ್ಲ ಜಾಬ್‌ಗಳನ್ನೂ ಮಿತಿ ಮೀರಿದ ಕೂಡಲೇ ಕೊಲ್ಲಬೇಕೆಂದಿಲ್ಲ. ಓದುವುದಷ್ಟೇ ಕೆಲಸವಾದ ಡಂಪ್ ಅನ್ನು, ನಿಂತಲ್ಲಿಂದ ಮುಂದುವರಿಯಬಲ್ಲ, ಫೈಲ್ ನಕಲಿಸುವ ಆರ್‌ಸಿಂಕ್ ಅನ್ನು ಕೊಲ್ಲಲು ಹಿಂಜರಿಯಬೇಡಿ. ಬ್ಯಾಂಕಿಗೆ ಹಣದ ಆದೇಶ ಕಳಿಸುವ ಜಾಬ್ ನಡುವೆ ನಿಂತಿದ್ದರೆ ಮನುಷ್ಯನನ್ನು ಕರೆಯುವುದೇ ಲೇಸು.

ಕೊಂದರೂ ಕೆಲಸ ಮುಗಿಯದ ಸಂದರ್ಭಗಳಿವೆ. ಡಿಸ್ಕ್‌ಗಾಗಿ ಕಾಯುತ್ತ ಡಿ ಸ್ಥಿತಿಯಲ್ಲಿ ಸಿಕ್ಕಿಕೊಂಡ ಪ್ರೊಸೆಸ್ ಅಲ್ಲಿಂದ ಏಳುವವರೆಗೆ ಕಿಲ್ ಸಿಗ್ನಲ್‌ಗೂ ಜಗ್ಗುವುದಿಲ್ಲ. ನಿಮ್ಮ ಸ್ಕ್ರಿಪ್ಟ್ ಸತ್ತರೂ ಅದು ಪೋಸ್ಟ್‌ಗ್ರೆಸ್‌ಗೆ ಕೊಟ್ಟ ಕ್ವೆರಿ ಇನ್ನೂ ಓಡುತ್ತಿರಬಹುದು. ಹಾಗಾಗಿ ಡೇಟಾಬೇಸ್‌ನೊಳಗೂ ಸ್ಟೇಟ್‌ಮೆಂಟ್ ಟೈಮ್‌ಔಟ್ ಬೇಕು. ಪೋಸ್ಟ್‌ಗ್ರೆಸ್‌ನ ಡಂಪ್ ಕಮಾಂಡ್ ಆದ ಪಿಜಿ ಡಂಪ್ ಮಾತ್ರ ಆ ಮಿತಿಯನ್ನು ತನ್ನಷ್ಟಕ್ಕೆ ತಾನೇ 0 ಮಾಡಿಕೊಳ್ಳುತ್ತದೆ, ಅದಕ್ಕೆ ಲಾಕ್ ವೇಟ್ ಟೈಮ್‌ಔಟ್ ಎಂಬ ಸ್ವಂತ ಆಯ್ಕೆ ಇದೆ.

ಮಿತಿ ಎಷ್ಟಿರಬೇಕು? ಕೆಲವು ವಾರಗಳ ಓಟದ ಸಮಯ ನೋಡಿ, ತಿಂಗಳ ಕೊನೆಯ ಹೊರೆಯ ದಿನವೂ ಅದರಲ್ಲಿರಲಿ. ಅತಿ ಉದ್ದದ ಆರೋಗ್ಯಕರ ಓಟದ ಒಂದೂವರೆ ಪಟ್ಟು ದಾಟಿದರೆ ಸುದ್ದಿ, ಮೂರು ಪಟ್ಟು ದಾಟಿದರೆ ಕೊಲೆ ಎಂಬುದು ನನ್ನ ಅಂದಾಜಿನ ಸೂತ್ರ. ಡೇಟಾ ಬೆಳೆದಂತೆ ಇದನ್ನು ಬದಲಿಸದಿದ್ದರೆ ಒಂದು ದಿನ ಸರಿಯಾಗಿಯೇ ಓಡುತ್ತಿರುವ ಜಾಬ್ ಸಾಯುತ್ತದೆ.

ಸುದ್ದಿ ಹೋಗುವ ದಾರಿ

2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್ ಡಾಟ್ ಕಾಮ್‌ನಲ್ಲಿ ಮುಖ್ಯ ಡೇಟಾಬೇಸ್ ಅಳಿದುಹೋಯಿತು. ದಿನನಿತ್ಯದ ಡಂಪ್‌ಗಳತ್ತ ನೋಡಿದರೆ ಅಲ್ಲಿ ಏನೂ ಇರಲಿಲ್ಲ: ಪೋಸ್ಟ್‌ಗ್ರೆಸ್ 9.6 ಇದ್ದ ಕಡೆ 9.2ರ ಪಿಜಿ ಡಂಪ್ ಓಡಿ ಸೋಲುತ್ತಿತ್ತು. ಸೋತ ಸುದ್ದಿಯನ್ನು ಕ್ರಾನ್ ಇಮೇಲ್ ಮಾಡುತ್ತಲೇ ಇತ್ತು. ಆದರೆ ಇಮೇಲ್ ಕಳಿಸಿದವರು ಅಸಲಿಯೇ ಎಂದು ನೋಡುವ ಡಿಮಾರ್ಕ್ ಪರೀಕ್ಷೆಯಲ್ಲಿ ಪಾಸಾಗದ ಆ ಇಮೇಲ್‌ಗಳು ತಿರಸ್ಕೃತವಾಗುತ್ತಿದ್ದವು. ಸುಮಾರು ಆರು ಗಂಟೆ ಹಿಂದೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಇದ್ದುದರಿಂದ ಉಳಿದರು. ಕಂಪನಿ ಇದನ್ನೆಲ್ಲ ತಾನೇ ಬಹಿರಂಗವಾಗಿ ಬರೆದು ಪ್ರಕಟಿಸಿತು.

ಈ ಕಾರಣಕ್ಕೇ ಸರ್ವರ್‌ನಿಂದ ನೇರ ಇಮೇಲ್ ಕಳಿಸುವುದು ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಅಮೆಜಾನ್, ಗೂಗಲ್ ಕ್ಲೌಡ್‌ಗಳಲ್ಲಿ ಇಮೇಲ್ ಹೊರಹೋಗುವ 25ನೇ ಪೋರ್ಟ್ ಮೊದಲಿನಿಂದಲೇ ಮುಚ್ಚಿರುತ್ತದೆ ಎಂಬುದೂ ಇದೆ. ಎಸ್‌ಎಂಎಸ್ ಚೆನ್ನ ಎನಿಸಬಹುದು. ಆದರೆ ಭಾರತದಲ್ಲಿ ಕಂಪನಿಯ ಹೆಸರಿನಲ್ಲಿ ಎಸ್‌ಎಂಎಸ್ ಕಳಿಸಲು ಟ್ರಾಯ್ ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ಸಂಸ್ಥೆ, ಹೆಡರ್ (ಕಳಿಸುವವರ ಹೆಸರು), ಸಂದೇಶದ ಮಾದರಿ ಎಲ್ಲವನ್ನೂ ನೋಂದಾಯಿಸಬೇಕು. ಒಂದು ಬ್ಯಾಕಪ್‌ಗಾಗಿ ಅಷ್ಟು ಓಡಾಟ ಯಾರಿಗೆ ಬೇಕು? ಸಣ್ಣ ತಂಡಕ್ಕೆ ಟೆಲಿಗ್ರಾಂ ಬಾಟ್ ಅಥವಾ ಸ್ಲ್ಯಾಕ್ ಸಾಕು. ಸಂದೇಶದಲ್ಲಿ ಜಾಬ್‌ನ ಹೆಸರು, ಯಂತ್ರ, ಶುರುವಾದ ಹೊತ್ತು ಭಾರತೀಯ ಕಾಲಮಾನದಲ್ಲಿ, ಮಿತಿ, ಕೊಂದಿದೆಯೋ ಇನ್ನೂ ಓಡುತ್ತಿದೆಯೋ ಎಂಬುದು, ಲಾಗ್‌ನ ಕೊನೆಯ ಕೆಲವು ಸಾಲು ಇವಿಷ್ಟು ಇರಲಿ. ‘ಯಶಸ್ವಿಯಾಗಿ ಮುಗಿದಿದೆ’ ಎಂಬ ದಿನನಿತ್ಯದ ಸಂದೇಶವನ್ನು ದಯವಿಟ್ಟು ಕಳಿಸಬೇಡಿ. ಎರಡನೇ ವಾರಕ್ಕೆ ಯಾರೂ ಅದನ್ನು ಓದುವುದಿಲ್ಲ, ಅದು ಬರದೇ ಹೋದದ್ದೂ ಯಾರ ಗಮನಕ್ಕೂ ಬರುವುದಿಲ್ಲ.

ಯಾರಿಗೆ ಯಾವುದು

ಒಂದೆರಡು ಸರ್ವರ್ ಇರುವವರಿಗೆ ಸಿಸ್ಟಮ್‌ಡಿ ಟೈಮರ್ ಮತ್ತು ಹೊರಗಿನ ಹಾರ್ಟ್‌ಬೀಟ್ ಸೇವೆ. ಕ್ರಾನ್ ಬಿಡಲಾಗದಿದ್ದರೆ ಟೈಮ್‌ಔಟ್, ಎಫ್‌ಲಾಕ್, ಪೈಪ್‌ಫೇಲ್ ಮೂರನ್ನೂ ಸೇರಿಸಿ, ಹಾರ್ಟ್‌ಬೀಟ್ ಮಾತ್ರ ಬಿಡಬೇಡಿ. ಹಂಚಿಕೆಯ ಹೋಸ್ಟಿಂಗ್‌ನಲ್ಲಿರುವವರಿಗೆ ಹೇಗೂ ಇದೊಂದೇ ದಾರಿ. ಪ್ರೊಮಿಥಿಯಸ್ ಈಗಾಗಲೇ ಓಡುತ್ತಿದ್ದರೆ ಟೆಕ್ಸ್ಟ್‌ಫೈಲ್ ದಾರಿ ಹಿಡಿಯಿರಿ, ಅದರ ಮೇಲೊಂದು ಹೊರಗಿನ ಕಣ್ಣು ಇರಲಿ. ಕ್ಯೂ ಇದ್ದರೆ ಮೊದಲು ಬ್ರೋಕರ್‌ನ ಅವಧಿ ಮತ್ತು ಜಾಬ್‌ನ ಮಿತಿಗಳನ್ನು ಹೊಂದಿಸಿ, ಅಲರ್ಟ್ ಆಮೇಲೆ.

ಯಾವುದನ್ನೇ ಆರಿಸಿದರೂ ಅದೇ ದಿನ ಪರೀಕ್ಷೆ ಮಾಡಿ. ಹತ್ತು ನಿಮಿಷ ಸುಮ್ಮನೆ ಮಲಗುವ ಒಂದು ಜಾಬ್ ಬರೆದು ಒಂದು ನಿಮಿಷದ ಮಿತಿ ಹಾಕಿ, ಫೋನ್ ಸದ್ದು ಮಾಡುತ್ತದೆಯೇ ನೋಡಿ. ಆಮೇಲೆ ಟೈಮರ್ ಅನ್ನೇ ಆಫ್ ಮಾಡಿ ಮತ್ತೊಮ್ಮೆ ನೋಡಿ. ಬಹಳ ಏರ್ಪಾಡುಗಳು ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲುತ್ತವೆ.